ಬೇರೆಯವರ ರೆಸಿಪಿಯನ್ನು ನಮ್ಮ ಅಡುಗೆಮನೆಗೆ ಒಗ್ಗಿಸೋದು ಹೇಗೆ?

ಅರ್ಧಚಮಚ ಕೇಳಿದ್ದು:

ಪುಸ್ತಕ, ವಿಡಿಯೊ, ನೆಂಟರ ಕೈಬರಹದ ಚೀಟಿ, ಹೀಗೆ ಎಲ್ಲೆಲ್ಲಿಂದಲೋ ಬಂದ ರೆಸಿಪಿಗಳನ್ನು ಮನೆಯಲ್ಲಿ ಮಾಡಿ ನೋಡುವವರಿಗೆ ಈ ಪ್ರಶ್ನೆ. ಬರೆದದ್ದನ್ನು ಬರೆದ ಹಾಗೇ ಮಾಡಿದರೂ ಹದ, ರುಚಿ, ಹಿಡಿಯುವ ಹೊತ್ತು ಮೂರೂ ಬೇರೆಯಾಗುತ್ತವೆ. ಈರುಳ್ಳಿ 10 ನಿಮಿಷಕ್ಕೆ ಕಂದು ಬಣ್ಣಕ್ಕೆ ತಿರುಗುತ್ತೆ ಅಂತ ಬರೆದಿರುತ್ತೆ, ತಿರುಗಲ್ಲ. 4 ಜನರ ಅಳತೆಯನ್ನು 8 ಜನಕ್ಕೆ ಏರಿಸಿದರೆ ಗ್ರೇವಿ ನೀರುನೀರು. ಕೇಕ್ ಅಂಚಿನಲ್ಲಿ ಒಣಗಿ ನಡುವೆ ಕುಸಿಯುತ್ತೆ.

ಅಡುಗೆಮನೆಯಲ್ಲಿ ಇರೋದು ಗ್ಯಾಸ್ ಒಲೆ, ಫ್ಯಾನ್ ಇರುವ ಓವನ್, ಪ್ರೆಶರ್ ಕುಕ್ಕರ್, ಒಂದು ಸೆಟ್ ಅಳತೆ ಕಪ್. ಉಣ್ಣುವವರು 6 ಜನ. ಒಬ್ಬರಿಗೆ ಉಪ್ಪು ಕಡಿಮೆ ಇರಬೇಕು, ಇಬ್ಬರು ಖಾರ ಮುಟ್ಟದ ಮಕ್ಕಳು. ಹೊಸ ರೆಸಿಪಿ ಕೈಗೆ ಬಂದಾಗ ಒಲೆ ಹಚ್ಚುವ ಮುಂಚೆ ಏನೇನು ನೋಡಬೇಕು? ಅದರಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು? "ಅದೆಲ್ಲ ಕೈಗುಣ" ಅನ್ನೋ ಉತ್ತರ ದಯವಿಟ್ಟು ಬೇಡ. ಲೆಕ್ಕ ಬೇಕು.

ತಕ್ಕಡಿ:

ಲೆಕ್ಕ ಅಂದಮೇಲೆ ಮೊದಲ ಗುಮಾನಿ ಕಪ್ ಮೇಲೆ. ಅಮೆರಿಕದ ರೆಸಿಪಿಯ ಕಪ್ ಸುಮಾರು 237 ಮಿ.ಲೀ., ಆಸ್ಟ್ರೇಲಿಯಾದ್ದು 250, ಜಪಾನಿನದು 200. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಇನ್ನೂ ಚಿಕ್ಕದು, 180 ಮಿ.ಲೀ. ಕೈಬರಹದ ಚೀಟಿಯಲ್ಲಿ "1 ಕಪ್" ಅಂತಿದ್ದರೆ ಅದು ಅವರ ಮನೆಯ ಯಾವುದೋ ಕಾಫಿ ಕಪ್ ಆಗಿರೋ ಸಾಧ್ಯತೆಯೇ ಹೆಚ್ಚು. ಬರೆದವರು ಸಿಗುವಂತಿದ್ದರೆ ಆ ಕಪ್ ತುಂಬ ನೀರು ತುಂಬಿ ತೂಗಿ ಹೇಳಿ ಅಂತ ಕೇಳಿ. 1 ಮಿ.ಲೀ. ನೀರು 1 ಗ್ರಾಂ, ಆದ್ದರಿಂದ ತೂಕವೇ ಕಪ್ಪಿನ ಅಳತೆ.

ದ್ರವಕ್ಕೆ ಕಪ್ ಪರವಾಗಿಲ್ಲ. ಹಿಟ್ಟಿಗೆ ಮಾತ್ರ ಅದನ್ನು ನಂಬಲೇಬಾರದು. ಮೈದಾವನ್ನು ಚಮಚದಿಂದ ಹಗುರವಾಗಿ ಕಪ್ಪಿಗೆ ಸುರಿದು ಮೇಲೆ ಗೀಟಿದರೆ 120–125 ಗ್ರಾಂ. ಅದೇ ಕಪ್ಪನ್ನು ಡಬ್ಬಿಯೊಳಗೇ ಮುಳುಗಿಸಿ ಬಾಚಿದರೆ 150 ಗ್ರಾಂ ಅಥವಾ ಇನ್ನೂ ಜಾಸ್ತಿ. 3 ಕಪ್ಪಿನ ರೆಸಿಪಿಯಲ್ಲಿ ವ್ಯತ್ಯಾಸ 75 ಗ್ರಾಂ ದಾಟುತ್ತೆ, ಆರರಲ್ಲಿ ಐದು ಪಾಲು ರೆಸಿಪಿಗೆ ಸಾಲುವಷ್ಟು ದ್ರವಕ್ಕೆ ಪೂರ್ತಿ ಹಿಟ್ಟು ಸುರಿದ ಹಾಗೆ. ಹಿಟ್ಟು ಗಟ್ಟಿಯಾಯ್ತು, ಕೇಕ್ ಒರಟಾಯ್ತು ಅನ್ನೋ ದೂರುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟೋದು. 1 ಗ್ರಾಂ ನಿಖರತೆಯ ಡಿಜಿಟಲ್ ತಕ್ಕಡಿ ತಗೊಳ್ಳಿ. ರೆಸಿಪಿ ಸಿಕ್ಕ ತಕ್ಷಣ, ಅಡುಗೆಗೆ ಮುಂಚೆಯೇ, ಪಕ್ಕದಲ್ಲಿ ಗ್ರಾಂ ಬರೆದುಕೊಳ್ಳಿ. 240 ಮಿ.ಲೀ. ಕಪ್ಪಿಗೆ ಮೈದಾ 125, ಸಕ್ಕರೆ 200, ಬೆಣ್ಣೆ 227. ಅಮೆರಿಕದ ರೆಸಿಪಿಯಲ್ಲಿ "ಒಂದು ಸ್ಟಿಕ್" ಬೆಣ್ಣೆ ಅಂದರೆ 113 ಗ್ರಾಂ.

ಚಮಚದಲ್ಲೂ ಒಂದು ಗುಂಡಿ ಇದೆ. ಟೀ ಚಮಚ ಎಲ್ಲ ಕಡೆ 5 ಮಿ.ಲೀ. ಹತ್ತಿರವೇ. ದೊಡ್ಡ ಚಮಚ ಹೆಚ್ಚಿನ ಕಡೆ 15, ಆಸ್ಟ್ರೇಲಿಯಾದಲ್ಲಿ 20. ಬೇಕಿಂಗ್ ಪೌಡರನ್ನು ದೊಡ್ಡ ಚಮಚದಲ್ಲಿ ಹೇಳಿದ್ದರೆ ಯಾವ ದೇಶದ ಪುಸ್ತಕ ಅಂತ ಒಮ್ಮೆ ನೋಡಿ.

ಉಪ್ಪು ಇನ್ನೂ ಮೋಸ. ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ. ಹಗುರವಾದ, ಪದರು ಪದರಾದ ಹರಳು ಉಪ್ಪು ಅದೇ ಚಮಚಕ್ಕೆ 3 ಗ್ರಾಂ ಕೂತರೆ ಹೆಚ್ಚು. ಅಮೆರಿಕದ ಅನೇಕ ರೆಸಿಪಿಗಳು ಕೋಷರ್ ಉಪ್ಪು ಅನ್ನೋ ದಪ್ಪ ಹರಳಿನ ಉಪ್ಪಿನ ಲೆಕ್ಕದಲ್ಲಿ ಬರೆದವು. ಅದರಲ್ಲೂ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಚಮಚದ ತೂಕ 3ರಿಂದ 5 ಗ್ರಾಂವರೆಗೆ ಓಡಾಡುತ್ತೆ. ಪುಡಿ ಉಪ್ಪು ಬಳಸುವವರು ಅಲ್ಲಿ ಹೇಳಿದ್ದರ ಅರ್ಧ ಹಾಕಿ, ರುಚಿ ನೋಡಿ ಮುಂದುವರಿಯೋದು ಕ್ಷೇಮ. ಸೂಪ್, ಗ್ರೇವಿ ಥರದವಕ್ಕೆ ಒಟ್ಟು ತೂಕದ 0.8–1% ಉಪ್ಪು ಸಾಮಾನ್ಯ ನಾಲಿಗೆಗೆ ಸರಿ. ಬ್ರೆಡ್ಡಿಗೆ ಹಿಟ್ಟಿನ ತೂಕದ 2%.

ಇನ್ನು "1 ಕಪ್ ಕಾಳು" ಅಂದಾಗ ಒಣಗಿದ್ದೋ ಬೇಯಿಸಿದ್ದೋ? 1 ಕಪ್ ಒಣ ಕಾಳು ಬೆಂದರೆ ಎರಡೂವರೆಯಿಂದ 3 ಕಪ್. ಅಕ್ಕಿಯೂ ಹೆಚ್ಚುಕಡಿಮೆ 3 ಪಟ್ಟು. "1 ಈರುಳ್ಳಿ" ಅಂದರೆ 80 ಗ್ರಾಂನದ್ದೂ ಇದೆ, 250 ಗ್ರಾಂನದ್ದೂ ಇದೆ. ಬೇರೇನೂ ಹೇಳದಿದ್ದರೆ 150 ಗ್ರಾಂ ಹಿಡಿಯಿರಿ. ಮೊಟ್ಟೆ ಅಂದರೆ ಬೇಕಿಂಗ್ ರೆಸಿಪಿಗಳಲ್ಲಿ ಸಾಮಾನ್ಯವಾಗಿ ಸಿಪ್ಪೆ ಬಿಟ್ಟು 50 ಗ್ರಾಂನದ್ದು. 42 ಗ್ರಾಂನ ಚಿಕ್ಕ ಮೊಟ್ಟೆ 3 ಹಾಕಿದರೆ 24 ಗ್ರಾಂ ಖೋತಾ, ಅಂದರೆ ಅರ್ಧ ಮೊಟ್ಟೆಯೇ ಇಲ್ಲ.

ಮೊದಲ ಸಲ ಅರ್ಧ ಅಳತೆಯಲ್ಲಿ ಮಾಡಿ ಅನ್ನೋದು ನನ್ನ ಸಲಹೆ. ಅರ್ಧ ಮೊಟ್ಟೆ ಬೇಕಾದಾಗ ಒಂದನ್ನು ಚೆನ್ನಾಗಿ ಕಲಕಿ 25 ಗ್ರಾಂ ತೂಗಿಕೊಂಡರಾಯ್ತು.

ದೊಡ್ಡಬಾಣಲೆ:

ತಕ್ಕಡಿಯವರು ಹೇಳಿದ್ದೆಲ್ಲ ಸರಿ, ಕೊನೇದೊಂದು ಬಿಟ್ಟು. ಅರ್ಧ ಅಳತೆಯನ್ನು ಅದೇ ಅಗಲದ ಪಾತ್ರೆಯಲ್ಲಿ ಮಾಡಿದರೆ ಬೇರೆಯೇ ಅಡುಗೆ ಆಗುತ್ತೆ. ತಳದಲ್ಲಿ ಅರ್ಧ ಸೆಂಟಿಮೀಟರ್ ಗ್ರೇವಿ ನಿಂತಿರುತ್ತೆ, ಕಾಳು ಬೇಯೋ ಮುಂಚೆ ನೀರು ಹಾರಿ ತಳ ಹಿಡಿಯುತ್ತೆ. ಅರ್ಧ ಮಾಡೋದಾದರೆ ಪಾತ್ರೆಯೂ ಚಿಕ್ಕದಾಗಲಿ.

ನಿಮ್ಮ ನೀರಾದ ಗ್ರೇವಿಗೂ ಇದೇ ಕಾರಣ, ತಿರುಗುಮುರುಗು. ನೀರು ಆರೋದು ಪಾತ್ರೆಯ ಬಾಯಿಯಗಲ ಮತ್ತು ಉರಿಯನ್ನು ನಂಬಿಕೊಂಡು. ಒಳಗೆ ಎಷ್ಟಿದೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. 4 ಜನರ ರೆಸಿಪಿಯಲ್ಲಿ 800 ಮಿ.ಲೀ. ನೀರು ಹಾಕಿ 20 ನಿಮಿಷ ತೆರೆದು ಕುದಿಸಿದಾಗ 300 ಮಿ.ಲೀ. ಆರಿ ಹೋಯ್ತು ಅಂತಿಟ್ಟುಕೊಳ್ಳಿ. ಉಳಿದದ್ದು 500. ಎರಡು ಪಟ್ಟು ಮಾಡಿ ಅದೇ ಪಾತ್ರೆಯಲ್ಲಿ 1,600 ಹಾಕಿ ಅಷ್ಟೇ ಹೊತ್ತು ಕುದಿಸಿದರೆ ಆಗಲೂ ಆರೋದು 300ರ ಆಸುಪಾಸೇ. ನಿಮಗೆ ಬೇಕಾದದ್ದು 1,000, ಪಾತ್ರೆಯಲ್ಲಿರೋದು 1,300. ಆದ್ದರಿಂದ ಎಲ್ಲವನ್ನೂ ಎರಡು ಪಟ್ಟು ಮಾಡಿದಾಗ ನೀರನ್ನು ಒಂದೂವರೆಯಿಂದ ಒಂದೂಮುಕ್ಕಾಲು ಪಟ್ಟಿಗೆ ನಿಲ್ಲಿಸಿ. ಬೇಕಾದರೆ ಕೊನೆಗೆ ಬಿಸಿನೀರು ಸೇರಿಸಿಕೊಳ್ಳಬಹುದು, ಹಾಕಿದ್ದನ್ನು ಹಿಂದಕ್ಕೆ ತೆಗೆಯೋಕಾಗಲ್ಲ.

ಅನ್ನಕ್ಕೂ ಅದೇ ಲೆಕ್ಕ. ಪಾಲಿಶ್ ಮಾಡಿದ ಉದ್ದಕ್ಕಿ ತಾನು ಹೀರಿಕೊಳ್ಳೋದು ಹೆಚ್ಚುಕಡಿಮೆ ತನ್ನಷ್ಟೇ ಅಳತೆಯ ನೀರು. ಮಿಕ್ಕಿದ್ದು ಆವಿಗೆ. 1 ಕಪ್ ಅಕ್ಕಿಗೆ ಒಂದೂಮುಕ್ಕಾಲು ಕಪ್ ನೀರು ಅಂತ ರೆಸಿಪಿ ಹೇಳಿದ್ದರೆ ಅದರಲ್ಲಿ ಮುಕ್ಕಾಲು ಕಪ್ ಆವಿಯ ಪಾಲು. ಅದೇ ಪಾತ್ರೆ, ಅದೇ ಮುಚ್ಚಳದಲ್ಲಿ 2 ಕಪ್ ಅಕ್ಕಿ ಇಟ್ಟರೆ ನೀರು ಮೂರೂವರೆ ಕಪ್ ಅಲ್ಲ, ಎರಡೂಮುಕ್ಕಾಲು. ದೊಡ್ಡ ಅಳತೆಯಲ್ಲಿ ಅನ್ನ ಮುದ್ದೆಯಾಗೋದು ಇದನ್ನು ಮರೆತಾಗ.

ಈರುಳ್ಳಿ ವಿಷಯ. ಈರುಳ್ಳಿಯಲ್ಲಿ ಸುಮಾರು 89% ನೀರು. ಆ ನೀರು ಹೋಗೋವರೆಗೂ ಬಾಣಲೆ 100 ಡಿಗ್ರಿ ದಾಟಲ್ಲ. ಬಣ್ಣ ಬರೋ ಕೆಲಸ ಚುರುಕಾಗೋದು 140 ಡಿಗ್ರಿ ಮೇಲೆ. 500 ಗ್ರಾಂ ಈರುಳ್ಳಿ ಮೆತ್ತಗಾಗೋಕೆ 10 ನಿಮಿಷ, ಹೊಂಬಣ್ಣಕ್ಕೆ 20, ಗಾಢ ಕಂದಿಗೆ 40–45. "10 ನಿಮಿಷಕ್ಕೆ ಕಂದು" ಅಂತ ಬರೆದವರು ಒಂದೋ ಜಾಸ್ತಿ ಎಣ್ಣೆಯಲ್ಲಿ ಕರಿದಿದ್ದಾರೆ, ಇಲ್ಲಾ ಗಡಿಯಾರ ನೋಡಿಲ್ಲ. ಅವಸರಕ್ಕೆ ಉರಿ ಏರಿಸಿದರೆ ಅಂಚು ಸುಟ್ಟು ಒಳಗೆ ಹಸಿ ಉಳಿಯುತ್ತೆ. ಮೊದಲ 8–10 ನಿಮಿಷ ಮುಚ್ಚಿ ಬೇಯಿಸಿ ಆಮೇಲೆ ಮುಚ್ಚಳ ತೆಗೆದರೆ ಒಟ್ಟು ಹೊತ್ತು ಸ್ವಲ್ಪ ಇಳಿಯುತ್ತೆ. ಚಿಟಿಕೆ ಸೋಡಾ ಹಾಕಿದರೆ ಬಣ್ಣ ಬೇಗ ಬರೋದು ನಿಜ, ಆದರೆ ಈರುಳ್ಳಿ ಕರಗಿ ಗಂಜಿಯಾಗುತ್ತೆ. ರುಬ್ಬೋದಿದ್ದರೆ ಮಾತ್ರ ಆ ದಾರಿ.

ಬಾಣಲೆ ತುಂಬಿಸೋದು ಇನ್ನೊಂದು ತೊಂದರೆ. ಅಣಬೆ, ಮಾಂಸ, ಪನೀರ್ ಯಾವುದೇ ಇರಲಿ, 28 ಸೆಂ.ಮೀ. ಬಾಣಲೆಗೆ ಒಂದು ಸಲಕ್ಕೆ 400–500 ಗ್ರಾಂ ಸಾಕು. ಅದಕ್ಕಿಂತ ಹೆಚ್ಚು ಸುರಿದರೆ ಬಿಟ್ಟ ನೀರು ಹಾರೋಕೆ ಜಾಗ ಇಲ್ಲದೆ ಹುರಿಯೋ ಬದಲು ಬೇಯುತ್ತೆ. ಶಬ್ದ ಕೇಳಿ: ಚುರ್ರ್ ಅನ್ನೋದು ಗುಳುಗುಳು ಅನ್ನೋಕೆ ಶುರುವಾದರೆ ಅರ್ಧ ತೆಗೆದು ತಟ್ಟೆಗೆ ಹಾಕಿ, ಎರಡು ಸರದಿಯಲ್ಲಿ ಹುರಿಯಿರಿ.

ಹುರಿಯೋ ಎಣ್ಣೆಯನ್ನೂ ಎರಡು ಪಟ್ಟು ಮಾಡಬೇಡಿ. ಅದನ್ನು ತೀರ್ಮಾನಿಸೋದು ಬಾಣಲೆಯ ತಳ, ಜನರ ಲೆಕ್ಕ ಅಲ್ಲ. ಮಸಾಲೆ, ಖಾರ ಒಂದೂವರೆ ಪಟ್ಟು ಹಾಕಿ ರುಚಿ ನೋಡಿ ಏರಿಸಿ.

ಕುಕ್ಕರ್‌ನಲ್ಲಿ ಕಾಳು ಎರಡು ಪಟ್ಟಾದರೂ ಒತ್ತಡ ಬಂದ ಮೇಲಿನ ನಿಮಿಷ ಅಷ್ಟೇ ಇರಲಿ. ಒತ್ತಡ ಏರೋಕೆ ಮಾತ್ರ ಹೆಚ್ಚು ಹೊತ್ತು ಹಿಡಿಯುತ್ತೆ, ಆ ಹೊತ್ತನ್ನು ರೆಸಿಪಿ ಬರೆದವರು ಎಣಿಸಿರಲ್ಲ. ಮೂರರಲ್ಲಿ ಎರಡು ಪಾಲಿಗಿಂತ ಮೇಲೆ ತುಂಬಬೇಡಿ. ನೊರೆ ಬರೋ ಕಾಳು, ಧಾನ್ಯಕ್ಕೆ ಅರ್ಧವೇ ಗಡಿ, ಇಲ್ಲಾಂದ್ರೆ ನೊರೆ ವೆಂಟ್‌ಗೆ ಸಿಕ್ಕಿಕೊಳ್ಳುತ್ತೆ. ಕಾಳು ಎಷ್ಟು ಬೇಯಿಸಿದರೂ ಗಟ್ಟಿ ಅಂದರೆ ಟೊಮ್ಯಾಟೊ, ಹುಣಸೆ, ನಿಂಬೆಯನ್ನು ರೆಸಿಪಿ ಮೊದಲೇ ಹಾಕಿಸಿದೆಯಾ ನೋಡಿ. ಹುಳಿ ಇದ್ದರೆ ಕಾಳನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಅನ್ನೋ ಅಂಟು ಕರಗಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಇದೇ ಕೆಲಸ ಮಾಡುತ್ತೆ. ಕಾಳು ಬೆರಳಲ್ಲಿ ಒತ್ತಿದರೆ ಹಿಸುಕುವಂತಾದ ಮೇಲೆ ಹುಳಿ ಹಾಕಿ, ರೆಸಿಪಿ ಏನೇ ಹೇಳಲಿ.

ತಕ್ಕಡಿ:

ಪಾತ್ರೆ ಚಿಕ್ಕದಾಗಬೇಕು ಅನ್ನೋದು ಒಪ್ಪಿದೆ. "ಮಸಾಲೆ ಒಂದೂವರೆ ಪಟ್ಟು" ಅನ್ನೋದಕ್ಕೆ ಮಾತ್ರ ತಕರಾರು. ಬೆಂದು ಮುಗಿದ ಅಡುಗೆಯ ತೂಕ ನಿಜವಾಗಿಯೂ ಎರಡು ಪಟ್ಟಾಗಿದ್ದರೆ ಉಪ್ಪು, ಮಸಾಲೆ ಎಲ್ಲವೂ ಸರಿಯಾಗಿ ಎರಡು ಪಟ್ಟು ಬೇಕು. ನಾಲಿಗೆಗೆ ಗೊತ್ತಾಗೋದು ಸಾಂದ್ರತೆ, ಒಟ್ಟು ಮೊತ್ತ ಅಲ್ಲ. ಒಂದೂವರೆಗೆ ನಿಲ್ಲಿಸಿ ಅನ್ನೋಕೆ ಒಂದೇ ಒಳ್ಳೆ ಕಾರಣ, ಮೆಣಸಿನಪುಡಿಯ ಖಾರ ಡಬ್ಬಿಯಿಂದ ಡಬ್ಬಿಗೆ ಬೇರೆ ಮತ್ತು ಹಾಕಿದ್ದನ್ನು ತೆಗೆಯಲಾಗದು. ಅಂದರೆ ಅದು ಎಚ್ಚರಿಕೆ, ಸೂತ್ರ ಅಲ್ಲ. ಒಂದೂವರೆಗೇ ಬಿಟ್ಟು ಬಡಿಸಿದರೆ ಸಪ್ಪೆ.

ಓವನ್‌ಪಕ್ಕ:

ಕೇಕಿನ ಪ್ರಶ್ನೆಗೆ ಬರ್ತೀನಿ. ಅಂಚು ಒಣಗಿ ನಡು ಕುಸಿದಿದೆ ಅಂದರೆ ಮೊದಲು ಕೇಳಬೇಕಾದ್ದು, ಫ್ಯಾನ್ ಓಡುತ್ತಿರುವಾಗ ರೆಸಿಪಿಯ ಡಿಗ್ರಿಯನ್ನೇ ಇಟ್ಟಿರಾ? ಹೆಚ್ಚಿನ ಹಳೆಯ ಪುಸ್ತಕಗಳೂ ಅಮೆರಿಕದ ರೆಸಿಪಿಗಳೂ ಫ್ಯಾನ್ ಇಲ್ಲದ ಓವನ್ ಲೆಕ್ಕದವು. ಫ್ಯಾನ್ ಇದ್ದರೆ 20 ಡಿಗ್ರಿ ಇಳಿಸಬೇಕು: 180 ಇದ್ದದ್ದು 160. ಫ್ಯಾರನ್‌ಹೀಟ್ 350 ಅಂದರೆ ಸೆಲ್ಸಿಯಸ್ 177, 375 ಅಂದರೆ 190, 400 ಅಂದರೆ 204. ಇವುಗಳಿಂದಲೂ ಫ್ಯಾನ್‌ಗೆ 20 ಕಳೆಯಿರಿ. ಇಳಿಸದಿದ್ದರೆ ಅಂಚು, ಮೇಲ್ಪದರ ಬೇಗ ಗಟ್ಟಿಯಾಗುತ್ತೆ, ನಡುವಿನ ಹಸಿ ಬ್ಯಾಟರ್ ಇನ್ನೂ ಉಬ್ಬುತ್ತಿರುತ್ತೆ, ಹೊರತೆಗೆದ ಕೂಡಲೇ ಕೆಳಗಿಳಿಯುತ್ತೆ.

ಗುಂಡಿ ತೋರಿಸೋ ಡಿಗ್ರಿಯನ್ನೂ ಪೂರ್ತಿ ನಂಬೋ ಹಾಗಿಲ್ಲ. ಮನೆ ಓವನ್‌ಗಳು 10–20 ಡಿಗ್ರಿ ಆಚೆ ಈಚೆ ಇರೋದು ಸಾಮಾನ್ಯ, "ಬಿಸಿಯಾಯ್ತು" ಅನ್ನೋ ದೀಪ ಆರುವುದೂ ಬೇಗ. ಓವನ್ ಥರ್ಮಾಮೀಟರ್ ಒಂದನ್ನು ನಡುತಟ್ಟೆಯ ಮಧ್ಯಕ್ಕಿಟ್ಟು, 180ಕ್ಕೆ ಹಾಕಿ, 25 ನಿಮಿಷ ಕಾದು, ಆಮೇಲೆ 5 ನಿಮಿಷಕ್ಕೊಮ್ಮೆ ನಾಲ್ಕು ಸಲ ಓದಿ ಸರಾಸರಿ ತೆಗೆಯಿರಿ. 195 ಬಂದರೆ ನಿಮ್ಮ ಓವನ್ 15 ಡಿಗ್ರಿ ಮುಂದಿದೆ. ಆ ಅಂಕಿಯನ್ನು ಬಾಗಿಲ ಪಕ್ಕ ಅಂಟಿಸಿ.

ಇನ್ನೊಂದು ಅನುಮಾನ ಬೇಕಿಂಗ್ ಪೌಡರ್ ಮೇಲೆ. 125 ಗ್ರಾಂ ಮೈದಾಗೆ 1 ಟೀ ಚಮಚ, ಹೆಚ್ಚೆಂದರೆ ಒಂದೂಕಾಲು. ಸೋಡಾ ಆದರೆ ಕಾಲು ಚಮಚ, ಅದೂ ಮೊಸರು, ನಿಂಬೆ, ಬೆಲ್ಲದಂಥ ಹುಳಿಯ ಅಂಶ ಇರುವಾಗ ಮಾತ್ರ. ಸೋಡಾ ಪೌಡರಿಗಿಂತ ಸುಮಾರು ಮೂರು ಪಟ್ಟು ಜೋರು. ರೆಸಿಪಿಯಲ್ಲಿ "1 ಕಪ್ ಮೈದಾ, 1 ಚಮಚ ಸೋಡಾ" ಅಂತ ಕಂಡರೆ ಅದು ಬರೆಯುವಾಗಿನ ತಪ್ಪೇ ಇರಬೇಕು. ಹೆಚ್ಚಾದ ಗ್ಯಾಸ್ ಗುಳ್ಳೆಗಳು ಒಂದಕ್ಕೊಂದು ಕೂಡಿ ಮೇಲೇರಿ ಒಡೆಯುತ್ತವೆ, ಕೇಕ್ ನಡುವೆ ಗುಳಿ ಬೀಳುತ್ತೆ, ಬಾಯಲ್ಲಿ ಸಾಬೂನಿನ ರುಚಿ ಉಳಿಯುತ್ತೆ. ಹಳೇ ಡಬ್ಬಿಯಾದರೆ ಅರ್ಧ ಚಮಚ ಪೌಡರ್ ಮೇಲೆ ಬಿಸಿನೀರು ಸುರಿದು ನೋಡಿ, ಜೋರಾಗಿ ನೊರೆಯೇಳದಿದ್ದರೆ ಎಸೆಯಿರಿ. ಸೋಡಾಕ್ಕೆ ನೀರಿನ ಬದಲು ವಿನೆಗರ್. ಕೋಕೋ ಪುಡಿಯಲ್ಲೂ ಎರಡು ಜಾತಿ: ಮಾಮೂಲಿಯದು ಹುಳಿ, ಡಚ್ ಪ್ರೋಸೆಸ್‌ನದು ಹುಳಿ ತೆಗೆದದ್ದು. ಸೋಡಾವನ್ನೇ ನೆಚ್ಚಿದ ರೆಸಿಪಿಗೆ ಡಚ್ ಹಾಕಿದರೆ ಉಬ್ಬೋದು ಅನುಮಾನ.

ಟಿನ್ ಬದಲಾದರೆ ಅಂದಾಜು ಬೇಡ, ವಿಸ್ತೀರ್ಣ ಹಾಕಿ. 20 ಸೆಂ.ಮೀ. ದುಂಡು ಟಿನ್ 314 ಚದರ ಸೆಂ.ಮೀ., 23ರ ದುಂಡು 415, 20ರ ಚೌಕ 400, 23ರ ಚೌಕ 529. 23ರ ದುಂಡಿಗೆ ಬರೆದದ್ದನ್ನು 20ರ ಚೌಕದಲ್ಲಿ ಕಣ್ಣುಮುಚ್ಚಿ ಮಾಡಬಹುದು. ಆದರೆ 23ರ ಚೌಕದ ಬ್ಯಾಟರನ್ನು 20ರ ಚೌಕಕ್ಕೆ ಸುರಿದರೆ ದಪ್ಪ ಮೂರನೇ ಒಂದು ಪಾಲು ಹೆಚ್ಚುತ್ತೆ, ನಡು ಬೇಯಲ್ಲ. ಮುಕ್ಕಾಲು ಅಳತೆ ಮಾಡಿ. 20ರ ದುಂಡಿನ ರೆಸಿಪಿಯನ್ನು ಅರ್ಧ ಮಾಡೋದಾದರೆ 14–15 ಸೆಂ.ಮೀ. ಟಿನ್ ಬೇಕು. ಎರಡು ಪಟ್ಟು ಮಾಡೋದಾದರೆ ಒಂದು ಆಳದ ಟಿನ್ ಬೇಡ, ಅದೇ ಗಾತ್ರದ ಎರಡು ಟಿನ್ ಇಡಿ. ಗಾಜಿನ ಅಥವಾ ಕಪ್ಪು ಟಿನ್ ಆದರೆ ಇನ್ನೂ 15 ಡಿಗ್ರಿ ಇಳಿಸಿ.

ನಿಮಿಷ ಅನ್ನೋದು ಯಾವಾಗ ನೋಡಬೇಕು ಅನ್ನೋದರ ಸೂಚನೆ ಅಷ್ಟೆ. ರೆಸಿಪಿ 40 ಅಂದರೆ 30ಕ್ಕೆ ಗಾಜಿನಿಂದ ನೋಡಿ, 33ಕ್ಕೆ ಕಡ್ಡಿ ಚುಚ್ಚಿ. ಒಳಗೆ 96–99 ಡಿಗ್ರಿ ಇದ್ದರೆ ಬೆಂದಿದೆ. ಮೊದಲ ಮುಕ್ಕಾಲು ಪಾಲು ಹೊತ್ತು ಬಾಗಿಲು ತೆಗೀಬೇಡಿ.

ಅರ್ಧಚಮಚ:

ಫ್ಯಾನ್ ಇದ್ದೂ 180ಕ್ಕೇ ಇಡೋದು ರೂಢಿ, ಆ ಉತ್ತರ ಸಿಕ್ಕಿತು. ಇನ್ನೆರಡು ಕೇಳ್ತೀನಿ. ಕಡಿಮೆ ಉಪ್ಪಿನವರಿಗೆ, ಮಕ್ಕಳಿಗೆ ಬೇರೆ ಪಾತ್ರೆ ಇಡದೆ ಒಂದೇ ಅಡುಗೆಯನ್ನು ಹೊಂದಿಸೋದು ಹೇಗೆ? ರೆಸಿಪಿಯಲ್ಲಿ ಹೇಳಿದ ಬೆಣ್ಣೆ, ಕ್ರೀಮ್ ಇಲ್ಲದಿದ್ದರೆ ಏನನ್ನು ಬದಲಾಯಿಸಬಹುದು, ಏನನ್ನು ಆಗದು?

ಮನೆಮಂದಿ:

ಮೊದಲನೆಯದಕ್ಕೆ ನಾನು. ರೆಸಿಪಿ ಓದುವಾಗಲೇ ಒಂದು ಗೀಟು ಎಳೀಬೇಕು: ಯಾವ ಹಂತದವರೆಗೆ ಅಡುಗೆ ಎಲ್ಲರದ್ದು, ಎಲ್ಲಿಂದ ಪಾಲಾಗುತ್ತೆ. ಈರುಳ್ಳಿ, ಟೊಮ್ಯಾಟೊ, ತರಕಾರಿ, ಕಾಳು ಬೇಯೋವರೆಗೆ ಉಪ್ಪು ಮೂರನೇ ಒಂದು ಪಾಲು ಮಾತ್ರ, ಖಾರ ಇಲ್ಲ. ಬೆಂದ ಮೇಲೆ ಮಕ್ಕಳ ಮತ್ತು ಕಡಿಮೆ ಉಪ್ಪಿನವರ ಪಾಲನ್ನು ಬೇರೆ ಬಟ್ಟಲಿಗೆ ತೆಗೆಯಿರಿ. ಉಳಿದ ಉಪ್ಪು ಪಾತ್ರೆಗೆ. ಖಾರದ ಪುಡಿಯನ್ನು ಒಂದು ದೊಡ್ಡ ಚಮಚ ಬಿಸಿ ಎಣ್ಣೆಯಲ್ಲಿ, ಒಲೆ ಆರಿಸಿ, 20 ಸೆಕೆಂಡ್ ಬಾಡಿಸಿ ಸೇರಿಸಿ. ಹಸಿ ಪುಡಿಯನ್ನು ಕೊನೆಗೆ ಹಾಗೇ ಉದುರಿಸಿದರೆ ಒಗರು ಉಳಿಯುತ್ತೆ. ಕಡಿಮೆ ಉಪ್ಪಿನ ಬಟ್ಟಲಿಗೆ ನಿಂಬೆರಸ, ಹುರಿದ ಜೀರಿಗೆ ಅಥವಾ ಹಸಿ ಸೊಪ್ಪು ಹಾಕಿದರೆ ಸಪ್ಪೆತನ ಅಷ್ಟಾಗಿ ಎದ್ದು ಕಾಣಲ್ಲ.

ಲೆಕ್ಕಕ್ಕೆ ಬಾರದ ಉಪ್ಪೂ ಇರುತ್ತೆ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಎರಡೂಕಾಲು ಗ್ರಾಂ ಹತ್ತಿರ ಉಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಸ್ಟಾಕ್ ಕ್ಯೂಬ್, ಚೀಸ್, ಉಪ್ಪು ಬೆಣ್ಣೆ ಎಲ್ಲ ಇದೇ ಸಾಲು. ಪೊಟ್ಯಾಸಿಯಂ ಬೆರೆತ "ಲೋ ಸೋಡಿಯಂ" ಉಪ್ಪನ್ನು ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

ರೆಸಿಪಿ ಎಷ್ಟೇ ಹೆಸರುವಾಸಿಯಾಗಿರಲಿ, ಒಪ್ಪಬಾರದ ಕೆಲವು ಇವೆ. ಒಣ ರಾಜ್ಮಾವನ್ನು ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಿ ಅಂದರೆ ಬೇಡ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಅನ್ನೋ ವಿಷದ ಪ್ರೋಟೀನ್ ಆ ಮಂದ ಶಾಖಕ್ಕೆ ಪೂರ್ತಿ ನಾಶವಾಗಲ್ಲ, ಕೆಲವೇ ಕಾಳಿಗೆ ವಾಂತಿ ಶುರುವಾಗುತ್ತೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. 10 ನಿಮಿಷ ಕನಿಷ್ಠ, 30 ಆದರೆ ನಿಶ್ಚಿಂತೆ. ಒಂದು ವರ್ಷ ತುಂಬದ ಮಗುವಿನ ತಿಂಡಿಗೆ ಜೇನು ಬೇಡ. ಎರಡು ಪಟ್ಟು ಮಾಡಿ ಉಳಿದದ್ದನ್ನು ದೊಡ್ಡ ಪಾತ್ರೆಯಲ್ಲೇ ಒಲೆ ಮೇಲೆ ಬಿಡೋದೂ ಬೇಡ. 5 ಸೆಂ.ಮೀ. ಮೀರದ ಆಳದ ಡಬ್ಬಿಗಳಿಗೆ ಹಂಚಿ 2 ಗಂಟೆಯೊಳಗೆ ಫ್ರಿಜ್‌ಗೆ.

ಓವನ್‌ಪಕ್ಕ:

ಬದಲಿ ವಿಷಯ. ಬೆಣ್ಣೆಯಲ್ಲಿ ಸುಮಾರು 80% ಕೊಬ್ಬು, ಉಳಿದದ್ದರಲ್ಲಿ ಬಹುಪಾಲು ನೀರು. ಎಣ್ಣೆ ನೂರಕ್ಕೆ ನೂರು ಕೊಬ್ಬು. 100 ಗ್ರಾಂ ಬೆಣ್ಣೆ ಬದಲು 80 ಗ್ರಾಂ ಎಣ್ಣೆ, 15–20 ಗ್ರಾಂ ಹಾಲು. ಬೆಣ್ಣೆ ಕರಗಿಸಿ ಹಾಕಿ ಅಂದ ರೆಸಿಪಿಗೆ ಇದು ಸರಿ. ಬೆಣ್ಣೆ, ಸಕ್ಕರೆ ಸೇರಿಸಿ ಬೆಳ್ಳಗಾಗುವವರೆಗೆ ನಾದಿ ಅಂತಿದ್ದರೆ ಆಗಲ್ಲ. ಅಲ್ಲಿ ಗಾಳಿಯನ್ನು ಹಿಡಿಯೋದೇ ಗಟ್ಟಿ ಕೊಬ್ಬು.

ಕ್ರೀಮ್‌ನಲ್ಲಿ ಕೊಬ್ಬಿನ ಅಂಶ ನೋಡಿ. ಉಬ್ಬಿಸೋಕೆ ಕನಿಷ್ಠ 30% ಬೇಕು, 35 ಇದ್ದರೆ ಒಳ್ಳೇದು. 20–25%ದ್ದನ್ನು ಎಷ್ಟು ಕಡೆದರೂ ನೊರೆ ನಿಲ್ಲಲ್ಲ, ಟೊಮ್ಯಾಟೊ ಜೊತೆ ಕುದಿಸಿದರೆ ಒಡೆಯುತ್ತೆ. ಒಲೆ ಆರಿಸಿ ಕೊನೆಗೆ ಸೇರಿಸಿದರೆ ಉಳಿಯುತ್ತೆ. ಮೊಸರು ಹಾಕೋದಾದರೆ ಒಂದು ಕಪ್ಪಿಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಕಲಕಿ, ಎರಡು ಸೌಟು ಬಿಸಿ ಗ್ರೇವಿಯನ್ನು ಮೊಸರಿಗೆ ಬೆರೆಸಿ, ಆಮೇಲೆ ಪಾತ್ರೆಗೆ.

ಕೇಕಿನಲ್ಲಿ ಸಕ್ಕರೆಯನ್ನು 10–20% ಇಳಿಸಬಹುದು. ಅದಕ್ಕಿಂತ ಕೆಳಗೆ ಹೋದರೆ ಸಿಹಿ ಮಾತ್ರವಲ್ಲ, ಮೆದುತನ, ತೇವ, ಬಣ್ಣ ಎಲ್ಲ ಹೋಗುತ್ತೆ. ಮೈದಾ ಬದಲು ಇಡೀ ಗೋಧಿ ಹಿಟ್ಟು ಬೇಕಾದರೆ ಮೊದಲ ಸಲ ಕಾಲು ಪಾಲು ಮಾತ್ರ, ಜೊತೆಗೆ ಒಂದೆರಡು ಚಮಚ ಹೆಚ್ಚು ದ್ರವ. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಬದಲಿಸಿ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಯಾರೂ ಹೇಳಲಾರರು.

ಗೀಚುಪುಸ್ತಕ:

ರೆಸಿಪಿಯ ಕೆಳಗಿನ ನಕ್ಷತ್ರಗಳನ್ನು ಬಿಟ್ಟು ಕಾಮೆಂಟುಗಳಲ್ಲಿ "ನೀರು ಹೆಚ್ಚಾಯ್ತು", "20 ನಿಮಿಷ ಜಾಸ್ತಿ ಬೇಕಾಯ್ತು" ಅನ್ನೋವನ್ನು ಮಾತ್ರ ಹುಡುಕಿ. ಒಂದೇ ದೂರು ಮೂರು ಜನರಿಂದ ಬಂದಿದ್ದರೆ ರೆಸಿಪಿಯೇ ತಪ್ಪು. ವಿಡಿಯೊದಲ್ಲಿ ಹೇಳಿದ ಅಳತೆ, ಕೆಳಗೆ ಬರೆದ ಅಳತೆ ಎರಡೂ ತಾಳೆಯಾಗುತ್ತವಾ ನೋಡಿ. ಸಾಮಾನು ಪಟ್ಟಿಯಲ್ಲಿದ್ದು ವಿಧಾನದಲ್ಲಿ ಎಲ್ಲೂ ಬಾರದ ಪದಾರ್ಥ ಇದೆಯಾ ಅಂತಲೂ ಬೆರಳಿಟ್ಟು ಓದಿ.

ತಪ್ಪು ಹಿಡಿಯೋಕೆ ಕೆಲವು ಅನುಪಾತ ನೆನಪಿರಲಿ. ಬ್ರೆಡ್ಡಿಗೆ ನೀರು ಹಿಟ್ಟಿನ ತೂಕದ 60–70%, ಇನ್‌ಸ್ಟಂಟ್ ಯೀಸ್ಟ್ 1% ಆಸುಪಾಸು. ವೈಟ್ ಸಾಸ್‌ಗೆ ಬೆಣ್ಣೆ 20 ಗ್ರಾಂ, ಮೈದಾ 20 ಗ್ರಾಂ, ಹಾಲು 250–300 ಮಿ.ಲೀ. ಕಸ್ಟರ್ಡ್ ಗಟ್ಟಿಯಾಗೋಕೆ 120 ಮಿ.ಲೀ. ಹಾಲಿಗೆ 1 ಮೊಟ್ಟೆ. ಇವುಗಳಿಂದ ತುಂಬ ದೂರ ಇರೋ ರೆಸಿಪಿಗೆ ಕಾರಣ ಬರೆದಿರಬೇಕು, ಇಲ್ಲಾಂದ್ರೆ ಸಾಮಾನು ಹಾಳು ಮಾಡ್ಕೋಬೇಡಿ.

ಅರ್ಧಚಮಚ:

ಒಂದೇ ಒಂದು ಉಳೀತು. ಹೊಸ ರೆಸಿಪಿಯಲ್ಲಿ ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ, ಹೀರಿಕೊಳ್ಳುತ್ತೆ ಅಂತಾರಲ್ಲ?

ದೊಡ್ಡಬಾಣಲೆ:

ಆಲೂಗಡ್ಡೆ ಉಪ್ಪುನೀರನ್ನು ಹೀರುತ್ತೆ, ಉಪ್ಪನ್ನು ಮಾತ್ರ ಆರಿಸಿ ಹೀರಲ್ಲ. ಉಳಿದ ಗ್ರೇವಿ ಹೆಚ್ಚುಕಡಿಮೆ ಅಷ್ಟೇ ಉಪ್ಪಾಗಿರುತ್ತೆ. ತೆಳುವಾಗಿಸೋದೊಂದೇ ದಾರಿ. 1 ಕಿಲೋ ಗ್ರೇವಿಯಲ್ಲಿ 15 ಗ್ರಾಂ ಉಪ್ಪು ಬಿದ್ದಿದ್ದರೆ, 1%ಗೆ ಇಳಿಸೋಕೆ ಉಪ್ಪಿಲ್ಲದ್ದು ಇನ್ನೂ 500 ಗ್ರಾಂ ಬೇಕು. ಬರೀ ನೀರು ಸುರಿದರೆ ಮಸಾಲೆಯೂ ತೆಳುವಾಗುತ್ತೆ, ಆದ್ದರಿಂದ ಬೇಯಿಸಿದ ಕಾಳು, ಟೊಮ್ಯಾಟೊ ರಸ, ಹಿಸುಕಿದ ಆಲೂಗಡ್ಡೆ ಇವುಗಳನ್ನು ಉಪ್ಪಿಲ್ಲದೆ ಸೇರಿಸಿ. ಆ ಆಲೂಗಡ್ಡೆಯನ್ನು ಮತ್ತೆ ಹೊರಗೆ ತೆಗೀಬೇಡಿ.